ಹದಿನೇಳನೇ ನಂಬರಿನ ಹೊಟ್ಟೆ

ವೇಲಚೇರಿ, ಚೆನ್ನೈ
ಶುಕ್ರವಾರ, ೧೪ ನವೆಂಬರ್ ೨೦೨೫
ಮಧ್ಯಾಹ್ನ ಹನ್ನೆರಡೂವರೆ

ಅಮ್ಮ,

ನಿನ್ನ ಮಗಳು ನಂದಿತಾಳ ಶರಣು. ಕಾಗದ ಕಂಡ ಕೂಡಲೇ ಕನ್ನಡಕ ಹುಡುಕಾಡಿಕೊಂಡು ಗಾಬರಿ ಆಗಬೇಡ. ಯಾರಿಗೂ ಏನೂ ಆಗಿಲ್ಲ. ಮೊದಲು ಕೂತುಕೋ, ಆಮೇಲೆ ಓದು.

ಇದನ್ನು ತಂದುಕೊಟ್ಟವನ ಹೆಸರು ಸದಾನಂದ. ನಮ್ಮ ಹ್ಯಾಚರಿಯ ವ್ಯಾನ್ ಓಡಿಸುತ್ತಾನೆ, ಕುಂದಾಪುರದ ಕಡೆಯವನು. ಇವತ್ತು ಸಾಯಂಕಾಲ ಐದಕ್ಕೆ ಕೊಡುವಾ ಅನ್ನುವ, ಸಿಹಿನೀರಿನಲ್ಲೂ ಬೆಳೆಯುವ ಸಮುದ್ರದ ಮೀನಿನ ಮರಿಗಳನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಕೊಂಡು ಬನ್ನೂರಿನಲ್ಲಿ ಒಬ್ಬರ ಹೊಂಡಕ್ಕೆ ಹೊರಡುತ್ತಾನೆ. ಅಲ್ಲಿ ಮರಿ ಇಳಿಸಿ ನಾಳೆ ಬೆಳಿಗ್ಗೆ ನರಸೀಪುರಕ್ಕೆ ಬಂದು ಕಾಗದವನ್ನು ನಿನ್ನ ಕೈಗೇ ಕೊಡಬೇಕು, ಬೇಬಿ ಅತ್ತಿಗೆಯ ಕೈಗಲ್ಲ ಎಂದು ಎರಡೆರಡು ಸಲ ಹೇಳಿದ್ದೇನೆ. ಅವನಿಗೊಂದು ಲೋಟ ಕಾಫಿ ಕೊಡು. ಮೀನಿನ ವಾಸನೆ ಅಂತ ಪಾಪ ಅವನನ್ನು ಹೊಸ್ತಿಲ ಆಚೆಗೇ ನಿಲ್ಲಿಸಬೇಡ.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳುತ್ತೀಯ. ನಿನಗೆ ಕಿವಿ ಕೇಳಿಸದೆ ಹೋಗಿ ಎರಡು ವರ್ಷವಾಯಿತು, ಅಣ್ಣ ವರುಣ್ ತಂದುಕೊಟ್ಟ ಮಿಷನ್ನು ಬೀರುವಿನಲ್ಲಿ ಮಲಗಿದೆ. ನಾನು ಫೋನಿನಲ್ಲಿ ಒಂದು ಮಾತಾಡಿದರೆ ಅತ್ತಿಗೆ ಅದನ್ನು ನಿನ್ನ ಕಿವಿಯ ಹತ್ತಿರ ಕೂಗಬೇಕು. ಅತ್ತಿಗೆ ಕೂಗಿದರೆ ಅದು ಪಕ್ಕದ ಮನೆಯವರಿಗೂ ಕೇಳುತ್ತದೆ, ಎದುರು ಮನೆಯವರಿಗೂ ಕೇಳುತ್ತದೆ, ನಿನಗೊಬ್ಬಳಿಗೇ ಅರ್ಧಂಬರ್ಧ. ಕೆಲವು ವಿಷಯ ಹಾಗೆ ಕೂಗಿಸಲು ಆಗುವುದಿಲ್ಲ. ನಾನು ಹಾಸ್ಟೆಲಿನಲ್ಲಿದ್ದಾಗ ನಾವಿಬ್ಬರೂ ವಾರಕ್ಕೊಂದು ಬರೆದುಕೊಳ್ಳುತ್ತಿದ್ದೆವಲ್ಲ, ಹಾಗೆ ಅಂದುಕೋ.

ಅಕ್ಷರ ಸೊಟ್ಟಗಿದೆ, ಬೈಯಬೇಡ. ಬೆನ್ನಿಗೆ ಮೂರು ದಿಂಬು ಇಟ್ಟುಕೊಂಡು ರಾಣಿಯ ಹಾಗೆ ಒರಗಿ, ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇವತ್ತು ರಜೆ ಹಾಕಿದ್ದೇನೆ. ಹೊರಗೆ ಮಳೆ ಹನಿಯುತ್ತಿದೆ. ಕೆಳಗಿನ ಮನೆಯವರು ಈಗಾಗಲೇ ಫ್ರಿಜ್ಜನ್ನು ಇಟ್ಟಿಗೆ ಮೇಲೆ ಏರಿಸಿದ್ದಾರೆ. ನಮ್ಮ ಮೆಟ್ಟಿಲಿನ ಗೋಡೆಯಲ್ಲಿ ಎರಡು ವರ್ಷದ ಹಿಂದೆ ನೀರು ನಿಂತ ಗೆರೆ ಇನ್ನೂ ಹಾಗೇ ಇದೆ, ನನ್ನ ಎದೆಯ ಮಟ್ಟಕ್ಕೆ. ಈ ನಾಲ್ಕು ದಿನದಿಂದ ಹತ್ತಿ ಇಳಿಯುವಾಗೆಲ್ಲ ಅದರ ಮೇಲೇ ಕಣ್ಣು ಹೋಗುತ್ತದೆ.

ನಿನ್ನ ಹತ್ತಿರ ಒಂದು ಮೀನಿನ ಸಂಗತಿ ಹೇಳಬೇಕಿತ್ತು. ನಗಬೇಡ. ಲಿಂಗ ಕಟ್ಟಿದ ಮನೆಯಲ್ಲಿ ಹುಟ್ಟಿ ಮೀನಿನ ಬಾಣಂತನ ಮಾಡುತ್ತೀಯಾ ಎಂದು ಅಜ್ಜಿ ಸಾಯುವ ತನಕ ಗೊಣಗಿದಳು. ನಾನು ಕಾಯಕವೇ ಕೈಲಾಸ ಅಂದರೆ, ಹೇಳೋದು ಶಾಸ್ತ್ರ ಇಕ್ಕೋದು ಗಾಳ ಎಂದು ಮುಖದ ಮೇಲೇ ಅಂದಿದ್ದಳು. ನೀನು ಮಾತ್ರ ಒಮ್ಮೆಯೂ ಏನೂ ಅನ್ನಲಿಲ್ಲ. ನರಸೀಪುರದ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಹೆರಿಗೆ ವಾರ್ಡು ನೋಡಿದವಳು ನೀನು. ನಮ್ಮಿಬ್ಬರದೂ ಒಂದೇ ಕೆಲಸ, ನಿನ್ನವು ಕೂಗುತ್ತವೆ ನನ್ನವು ಕೂಗುವುದಿಲ್ಲ ಎಂದು ನೀನೇ ಒಮ್ಮೆ ಬರೆದಿದ್ದೆ.

ಸಮುದ್ರದ ಮೀನಿನ ಮೊಟ್ಟೆಗೆ ಒಂದು ಕಷ್ಟವಿದೆ. ಸುತ್ತ ಅಷ್ಟು ನೀರಿದ್ದರೂ ಅದಕ್ಕೆ ಕುಡಿಯಲು ಒಂದು ಹನಿ ಇಲ್ಲ. ಉಪ್ಪಿನಕಾಯಿಗೆ ಹೋಳು ಹೆಚ್ಚಿ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಹೋಳೆಲ್ಲ ನೀರು ಬಿಟ್ಟು ಸುಕ್ಕಾಗುತ್ತವಲ್ಲ, ಸಮುದ್ರವೂ ಮೊಟ್ಟೆಗೆ ಅದನ್ನೇ ಮಾಡುತ್ತದೆ. ದೊಡ್ಡ ಮೀನಾದರೆ ಸಮುದ್ರದ ನೀರನ್ನೇ ಕುಡಿದು ಉಪ್ಪನ್ನು ಕಿವಿರಿನಿಂದ ಹೊರಗೆ ತಳ್ಳಿ ಹೇಗೋ ಬದುಕುತ್ತದೆ. ಮೊಟ್ಟೆಗೆ ಬಾಯಿಯೂ ಇಲ್ಲ, ಕಿವಿರೂ ಇಲ್ಲ. ಅದಕ್ಕೆ ತಾಯಿ ಏನು ಮಾಡುತ್ತಾಳೆ ಗೊತ್ತಾ, ಬಿಡುವ ಮೊದಲೇ ಮೊಟ್ಟೆಯೊಳಗೆ ನೀರು ತುಂಬಿಸಿ ಕಳಿಸುತ್ತಾಳೆ. ಮೊಟ್ಟೆಯೊಳಗೆ ಕೂಡಿಟ್ಟ ಪ್ರೋಟೀನು ಕಡೆಯ ಒಂದೆರಡು ದಿನದಲ್ಲಿ ಸಣ್ಣ ಸಣ್ಣ ಚೂರಾಗುತ್ತದೆ. ಆ ಚೂರುಗಳು ತಾಯಿಯ ಮೈಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತವೆ. ಮೊಟ್ಟೆ ನಾಲ್ಕೈದು ಪಟ್ಟು ಉಬ್ಬುತ್ತದೆ. ಬೆಳ್ಳಗೆ ಮಂಕಾಗಿದ್ದದ್ದು ಪಾಯಸದಲ್ಲಿ ಬೆಂದ ಸಬ್ಬಕ್ಕಿಯ ಹಾಗೆ ತಿಳಿಯಾಗುತ್ತದೆ, ಹಗುರಾಗಿ ತೇಲುತ್ತದೆ. ನಾನು ಮೊದಲ ಸಲ ಹಾಸ್ಟೆಲಿಗೆ ಹೊರಟ ದಿನ ನೀನು ಮೂರು ದಿನಕ್ಕಾಗುವಷ್ಟು ಬುತ್ತಿ ಕಟ್ಟಿದ್ದೆ ನೋಡು, ದಾರಿ ಇದ್ದದ್ದು ಬರೀ ಎರಡು ಗಂಟೆ. ಈ ಪಾಠ ಓದಿದಾಗ ನನಗೆ ನೆನಪಾದದ್ದು ಅದು.

ಹ್ಯಾಚರಿಯ ತೊಟ್ಟಿಯಲ್ಲಿ ಮೀನು ತಾನಾಗಿ ಅಷ್ಟು ಸುಲಭಕ್ಕೆ ಮೊಟ್ಟೆ ಬಿಡುವುದಿಲ್ಲ, ಇಂಜೆಕ್ಷನ್ ಕೊಡಬೇಕು. ಕೊಡುವ ಮೊದಲು ತೆಳ್ಳನೆ ಕೊಳವೆ ಹಾಕಿ ಒಂದಿಷ್ಟು ಮೊಟ್ಟೆ ಎಳೆದು ಮೈಕ್ರೋಸ್ಕೋಪಿನಲ್ಲಿ ಅಳೆಯುತ್ತೇವೆ. ನಮ್ಮಲ್ಲಿ ಅರ್ಧ ಮಿಲಿಮೀಟರಿಗೆ ಸ್ವಲ್ಪ ಕಡಿಮೆ, ೦.೪೫ ಬಂದಿರಬೇಕು ಎಂದು ಲೆಕ್ಕ. ಬಂದಿದ್ದರೆ ಸೂಜಿ. ಆಮೇಲೆ ಮೂವತ್ತಾರು ಗಂಟೆ ಹೊಟ್ಟೆಯನ್ನೇ ನೋಡುತ್ತ ಕೂರುವುದು. ಹೊಟ್ಟೆ ಉಬ್ಬಿತು ಅಂದರೆ ಮೊಟ್ಟೆಗೆ ನೀರು ಇಳಿಯಿತು, ಗೆದ್ದೆವು ಎಂದರ್ಥ. ಹೊಟ್ಟೆ ಉಬ್ಬಿದ ಮೀನನ್ನು ಕಂಡು ಸಂತೋಷಪಡುವುದನ್ನು ಹನ್ನೊಂದು ವರ್ಷದಿಂದ ಕಲಿತಿದ್ದೇನೆ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಹದಿನೇಳನೇ ನಂಬರಿನ ಹೆಣ್ಣಿಗೆ ಹೋದ ಶನಿವಾರ ಬೆಳಿಗ್ಗೆ ಸೂಜಿ ಕೊಟ್ಟೆ. ಐದು ಕಿಲೋ ತೂಕದ ಗಂಭೀರ ಹೆಣ್ಣು, ಹಿಡಿದರೆ ಒದ್ದಾಡುತ್ತಿರಲಿಲ್ಲ. ಅಳತೆ ೦.೪೨ ಬಂದಿತ್ತು. ಹತ್ತು ಮೊಟ್ಟೆಯಲ್ಲಿ ಎರಡು ಮಾತ್ರ ೦.೪೫. ಇನ್ನೊಂದು ವಾರ ಕಾಯಬೇಕಿತ್ತು. ನನಗೆ ಆ ದಿನ ಹನ್ನೊಂದು ಗಂಟೆಗೆ ಒಂದು ಕಡೆ ಹೋಗಬೇಕಿತ್ತು, ತಲೆ ಕೆಲಸದ ಮೇಲಿರಲಿಲ್ಲ. ಪುಸ್ತಕದಲ್ಲಿ ೦.೪೫ ಎಂದು ಬರೆದೆ. ಜೊತೆಯಲ್ಲಿ ಮೀನು ಹಿಡಿದುಕೊಂಡಿದ್ದವಳು ಗುಣವತಿ. ಇಲ್ಲೇ ಸಮುದ್ರದ ದಡದ ಕುಪ್ಪದ ಹೆಂಗಸು, ಅಂದರೆ ಮೀನುಗಾರರ ಕೇರಿಯವಳು, ಓದು ಅಷ್ಟಕ್ಕಷ್ಟೆ. ಆದರೆ ಮೊಟ್ಟೆ ಇನ್ನೂ ಕಾಯಿ ಅಕ್ಕಾ ಎಂದು ಅವಳು ಆಗಲೇ ಹೇಳಿದಳು. ನಾನು ಕೇಳಲಿಲ್ಲ.

ಭಾನುವಾರ ಅದರ ಹೊಟ್ಟೆ ಚೆನ್ನಾಗಿ ಉಬ್ಬಿತಂತೆ. ಸೋಮವಾರವೂ ಉಬ್ಬಿಯೇ ಇತ್ತು, ಮೊಟ್ಟೆ ಮಾತ್ರ ಬರಲಿಲ್ಲ. ಕೆಲವಕ್ಕೆ ನೀರು ಇಳಿದಿತ್ತು, ಕೆಲವಕ್ಕೆ ಇಳಿದಿರಲಿಲ್ಲ. ಉಬ್ಬಿದವು ದಾರಿಗೆ ಅಡ್ಡ ಬಂದು ಕೂತುಬಿಟ್ಟವು. ಬುಧವಾರ ನಾನು ಕೆಲಸಕ್ಕೆ ಹೋದಾಗ ತೊಟ್ಟಿಯ ಮೂಲೆಯಲ್ಲಿ ವಾಲಿಕೊಂಡು ಕಿವಿರು ಅಗಲಿಸಿ ಉಸಿರೆಳೆಯುತ್ತಿತ್ತು. ಮಧ್ಯಾಹ್ನಕ್ಕೆ ಸತ್ತಿತು. ಬೇಸಿನ್ನಿನಲ್ಲಿಟ್ಟು ಹೊಟ್ಟೆ ಬಿಡಿಸಿದರೆ ಕತ್ತರಿ ಇಟ್ಟ ಕೂಡಲೇ ನೀರು, ತಿಳಿ ಮೊಟ್ಟೆ, ಮಂಕು ಮೊಟ್ಟೆ ಎಲ್ಲ ಒಟ್ಟಿಗೆ ನನ್ನ ಕಾಲ ಮೇಲೆ ಸುರಿಯಿತು. ಮೈ ಮಾತ್ರ ಒಣಗಿ ಸೊರಗಿಹೋಗಿತ್ತು ಅಮ್ಮ. ಇದ್ದ ನೀರೆಲ್ಲ ಹೊಟ್ಟೆಗೇ ಹೋಗಿತ್ತು. ನಾನು ಅಲ್ಲೇ ಕೂತುಬಿಟ್ಟೆ.

ಇಷ್ಟು ದೊಡ್ಡ ಮೀನಿನ ಕಥೆ ನಿನಗೆ ಯಾಕೆ ಬರೆದೆ ಎಂದು ಈಗಾಗಲೇ ಕನ್ನಡಕದ ಮೇಲಿಂದ ನೋಡುತ್ತಿರುತ್ತೀಯ. ನೋಡಬೇಡ, ಹೇಳುತ್ತೇನೆ. ಎದ್ದು ಒಂದು ಗುಟುಕು ನೀರು ಕುಡಿದು ಬಂದೆ. ಬಾಯಿ ಬಹಳ ಒಣಗುತ್ತಿದೆ.

ಕಳೆದ ವರ್ಷ ನೀನು ನಿಶಾಂತ್ ಅನ್ನುವವನ ಫೋಟೋ ಕಳಿಸಿದ್ದೆ. ನಾನು ನೋಡಿಯೂ ನೋಡದ ಹಾಗೆ ಇದ್ದೆ, ನೀನು ಮೂರು ತಿಂಗಳು ಮುನಿಸಿಕೊಂಡಿದ್ದೆ. ಅವನಲ್ಲಿ ಏನೂ ಕೊರತೆ ಇರಲಿಲ್ಲ. ನನಗೆ ಆಗ ಮನಸ್ಸಿರಲಿಲ್ಲ. ಮುಂದೆ ಯಾವತ್ತಾದರೂ ಮನಸ್ಸಾದೀತು, ಆಗ ವಯಸ್ಸು ಉಳಿದಿರುವುದಿಲ್ಲ ಎಂಬ ಭಯ ಮಾತ್ರ ಇತ್ತು. ನನಗೀಗ ಮೂವತ್ತೈದು. ವಯಸ್ಸಾದ ಹೆಣ್ಣುಮೀನಿನ ಮೊಟ್ಟೆ ವರ್ಷ ವರ್ಷಕ್ಕೆ ಹೇಗೆ ಕೆಡುತ್ತದೆ ಎಂದು ದಿನಾ ಕಣ್ಣಾರೆ ನೋಡುವವಳು ನಾನು, ಯಾರೂ ನನಗೆ ಹೇಳಬೇಕಿರಲಿಲ್ಲ. ಇಲ್ಲೊಂದು ಕ್ಲಿನಿಕ್ಕಿನಲ್ಲಿ ಹೆಂಗಸರ ಮೊಟ್ಟೆ ತೆಗೆದು ಫ್ರೀಜ್ ಮಾಡಿಡುತ್ತಾರೆ, ಬೇಕಾದಾಗ ಉಪಯೋಗಿಸಿಕೊಳ್ಳಬಹುದು. ನಾನು ಮಾಡಿಸಿಕೊಂಡೆ. ಸೋಮವಾರ ತೆಗೆದರು. ಇಪ್ಪತ್ತಮೂರು.

ಬರೆದುಬಿಟ್ಟೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು.

ನಿನಗೆ ಕೋಪ ಬಂದಿರುತ್ತದೆ. ಹೆಂಗಸಿನ ಹೊಟ್ಟೆ ಆಟದ ಸಾಮಾನಲ್ಲ ಎಂದು ನೀನು ವಾರ್ಡಿನಲ್ಲಿ ಎಷ್ಟು ಗಂಡಸರಿಗೆ ಬೈದಿದ್ದೀಯ ಎಂದು ನನಗೆ ಗೊತ್ತು. ಆದರೆ ಇದನ್ನು ಯಾರೋ ನನಗೆ ಮಾಡಿದ್ದಲ್ಲ, ನಾನೇ ಹೋಗಿ ಕೇಳಿ ಮಾಡಿಸಿಕೊಂಡದ್ದು. ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ನಾಚಿಕೆ ಇರುವುದು ಬೇರೆ ಒಂದಕ್ಕೆ.

ಹತ್ತು ದಿನ ಹೊಟ್ಟೆಗೆ ದಿನಕ್ಕೊಂದು ಇಂಜೆಕ್ಷನ್ ನಾನೇ ಚುಚ್ಚಿಕೊಂಡೆ. ಕೈ ಪಳಗಿದೆಯಲ್ಲ, ನೋವೇ ಆಗಲಿಲ್ಲ. ಎಂಟನೇ ದಿನಕ್ಕೆ ಹೊಟ್ಟೆ ಬಿಗಿಯಿತು. ಕಡೆಯ ಇಂಜೆಕ್ಷನ್ ಮೊಟ್ಟೆಯನ್ನು ಹಣ್ಣು ಮಾಡುವುದು. ಅದರ ಬಾಟಲಿಯ ಮೇಲಿನ ಹೆಸರು ಓದಿ ನಗು ಬಂತು. ನಮ್ಮ ಹ್ಯಾಚರಿಯ ಫ್ರಿಜ್ಜಿನಲ್ಲಿ ಹದಿನೇಳಕ್ಕೆಂದು ಇಟ್ಟಿದ್ದೂ ಅದೇ ಔಷಧಿ, ಕಂಪನಿ ಬೇರೆ ಅಷ್ಟೆ. ನಮ್ಮದನ್ನು ಬಸುರಿ ಹೆಂಗಸರ ಮೂತ್ರದಿಂದ ತೆಗೆಯುತ್ತಾರೆ, ನಿನಗೆ ಗೊತ್ತಿರುತ್ತದೆ. ಶನಿವಾರ ಬೆಳಿಗ್ಗೆ ಅದಕ್ಕೆ, ರಾತ್ರಿ ಒಂಬತ್ತಕ್ಕೆ ನನಗೆ. ನನಗೂ ಮೂವತ್ತಾರು ಗಂಟೆ, ಅದಕ್ಕೂ ಮೂವತ್ತಾರು ಗಂಟೆ.

ಆ ಶನಿವಾರ ಹನ್ನೊಂದು ಗಂಟೆಗೆ ಹೋದದ್ದು ಕ್ಲಿನಿಕ್ಕಿಗೆ, ಸ್ಕ್ಯಾನಿಂಗಿಗೆ. ಶುಕ್ರವಾರದ ರಕ್ತಪರೀಕ್ಷೆಯನ್ನು ಹ್ಯಾಚರಿಯ ಕೆಲಸದಲ್ಲಿ ತಪ್ಪಿಸಿದ್ದೆ. ಮೊಟ್ಟೆಗಳು ಜಾಸ್ತಿ ಇವೆ ಎಂದು ಡಾಕ್ಟರಮ್ಮನಿಗೆ ಅನುಮಾನ ಬಂದು, ಹೊಟ್ಟೆ ಉಬ್ಬಿದೆಯೇ, ಬಿಗಿತ ಇದೆಯೇ, ತೂಕ ಏರಿದೆಯೇ ಎಂದು ಬಿಡಿಸಿ ಬಿಡಿಸಿ ಕೇಳಿದರು. ಹಾಗೇನಾದರೂ ಇದ್ದರೆ ಈ ಇಂಜೆಕ್ಷನ್ ಬೇಡ, ಬೇರೆ ಕೊಡುತ್ತೇವೆ, ಇಲ್ಲವೇ ಈ ಸಲಕ್ಕೆ ಬಿಟ್ಟುಬಿಡೋಣ ಎಂದೂ ಹೇಳಿದರು. ನಾನು ಏನೂ ಇಲ್ಲ ಅಂದೆ. ಅಗಲವಾದ ಕುರ್ತಾ ಹಾಕಿಕೊಂಡು ಹೋಗಿದ್ದೆ. ತೂಕ ಕೇಳಿದಾಗ ಹಳೆಯ ತೂಕ ಹೇಳಿದೆ.

ಯಾಕೆ ಹೇಳಿದೆ ಎಂದರೆ, ಹೊಟ್ಟೆ ಉಬ್ಬಿದ್ದು ನನಗೆ ಸಂತೋಷವಾಗಿತ್ತು. ಇದು ಬೇರೆ ಯಾವ ಹೆಂಗಸಿಗೂ ಆಗದ ತಪ್ಪು ಅಮ್ಮ. ಬೇರೆ ಯಾರಾದರೂ ಹೆದರುತ್ತಿದ್ದರು, ಹೇಳುತ್ತಿದ್ದರು. ನಾನು ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು, ಗೆದ್ದೆ ಅಂದುಕೊಂಡೆ. ಉಬ್ಬಿದ ಹೊಟ್ಟೆಗೆ ಇಂಜೆಕ್ಷನ್ ತಪ್ಪಿಸುತ್ತಾರಂತೆ, ಇವರಿಗೇನು ಗೊತ್ತು ಎಂದು ಹೆಮ್ಮೆ ಬೇರೆ. ಅತಿ ಆಸೆ ಗತಿ ಕೇಡು ಎಂದು ನೀನು ಹೇಳುವುದು ಕೇಳಿಸುತ್ತಿದೆ.

ಮೊಟ್ಟೆ ತೆಗೆದ ದಿನ ಹೊಟ್ಟೆ ಸ್ವಲ್ಪ ಇಳಿಯಿತು. ಮಂಗಳವಾರ ಸಾಯಂಕಾಲ ಮತ್ತೆ ಬಂತು. ಬುಧವಾರ ಹದಿನೇಳರ ಹೊಟ್ಟೆ ಬಿಡಿಸಿ ಕೂತಿದ್ದಾಗ ಗುಣವತಿ ನನ್ನನ್ನು ಎಬ್ಬಿಸಲು ಕೈ ಕೊಟ್ಟಳು, ನನಗೆ ಬಗ್ಗಿ ಏಳಲಾಗಲಿಲ್ಲ. ಅವಳು ನನ್ನ ಕುರ್ತಾ ಹಿಡಿದು ಹಿಂದಕ್ಕೆ ಎಳೆದು ಹೊಟ್ಟೆ ನೋಡಿದಳು. ಬೇಸಿನ್ನಿನ ಕಡೆ ನೋಡಿದಳು. ನನಗೆ ಆ ಗಳಿಗೆಯಲ್ಲಿ ಭಯ ಹತ್ತಿತು, ಇವತ್ತಿನ ತನಕ ಇಳಿದಿಲ್ಲ.

ಕ್ಲಿನಿಕ್ಕಿನವರು ಕೊಟ್ಟ ಹಾಳೆ ತೆಗೆದು ಓದಿದೆ. ಕೆಲವರಿಗೆ ಹೀಗಾಗುತ್ತದಂತೆ. ಇಂಜೆಕ್ಷನ್ನಿನ ಜೋರಿಗೆ ರಕ್ತನಾಳಗಳು ಸೋರಿ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ, ರಕ್ತ ಗಟ್ಟಿಯಾಗುತ್ತದೆ. ಹೆಚ್ಚಿನವರಿಗೆ ಒಂದು ವಾರದಲ್ಲಿ ತಾನಾಗಿ ಇಳಿಯುತ್ತದೆ, ಅಪರೂಪಕ್ಕೆ ಜೋರಾಗುತ್ತದೆ. ದಿನಕ್ಕೆ ಒಂದು ಕಿಲೋಗಿಂತ ಹೆಚ್ಚು ತೂಕ ಏರಿದರೆ, ಮೂತ್ರ ಕಡಿಮೆಯಾದರೆ, ಉಸಿರಿಗೆ ಕಷ್ಟವಾದರೆ ತಕ್ಷಣ ಫೋನ್ ಮಾಡಿ ಎಂದು ದಪ್ಪ ಅಕ್ಷರದಲ್ಲಿದೆ. ಮೊಟ್ಟೆಯನ್ನು ಫ್ರೀಜ್ ಮಾಡುವ ಮೊದಲು ಅದರೊಳಗಿನ ನೀರನ್ನು ತೆಗೆದುಬಿಡುತ್ತಾರೆ, ಇಲ್ಲದಿದ್ದರೆ ಮಂಜುಗಡ್ಡೆಯಾಗಿ ಒಡೆಯುತ್ತದೆ ಎಂದೂ ಅದರಲ್ಲೇ ಇದೆ. ಮೀನು ತನ್ನ ಮೊಟ್ಟೆಗೆ ನೀರು ತುಂಬಿ ಕಳಿಸುತ್ತದೆ, ನನ್ನವು ನೀರು ಕಳೆದುಕೊಂಡು ಹೋದವು. ಆ ನೀರೇ ಬಂದು ನನ್ನ ಹೊಟ್ಟೆಯಲ್ಲಿ ಕೂತಿದೆಯೇನೋ ಅನ್ನಿಸುತ್ತದೆ. ಹಾಗಲ್ಲ ಎಂದು ಗೊತ್ತು. ಆದರೂ ಅನ್ನಿಸುತ್ತದೆ.

ನೀನು ಕೇಳುವ ಮೊದಲೇ ಹೇಳುತ್ತೇನೆ, ನನಗೆ ಅಂಥದ್ದೇನೂ ಇಲ್ಲ. ತೂಕ ಒಂದು ಕಿಲೋ ಏರಿರಬಹುದು. ಟೈಲರ್ ಟೇಪು ತಂದು ಹೊಟ್ಟೆ ಅಳೆಯುತ್ತಿದ್ದೇನೆ, ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಿದ್ದೇನೆ. ನೀನು ಮಾಡುತ್ತಿದ್ದ ಹಾಗೆ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಎಣಿಸಿದೆ. ಗುಳಿ ಬೀಳಲಿಲ್ಲ. ಹಾಗಾಗಿ ನೀನು ಬರುವುದೇನೂ ಬೇಡ. ಇಷ್ಟು ದೂರ, ನಿನ್ನ ಮಂಡಿ ನೋವು ಬೇರೆ.

ಆ ಹೆಬ್ಬೆರಳು ಒತ್ತುವಾಗ ಚಿಕ್ಕತಾಯಮ್ಮ ನೆನಪಾದಳು. ನಾನಾಗ ಮೂರನೇ ಕ್ಲಾಸು. ಸ್ಕೂಲು ಬಿಟ್ಟ ಮೇಲೆ ನಿನ್ನ ಡ್ಯೂಟಿ ಮುಗಿಯುವ ತನಕ ಆಸ್ಪತ್ರೆಯ ಜಗಲಿಯಲ್ಲಿ ಕೂತು ಹೋಂವರ್ಕ್ ಮಾಡುತ್ತಿದ್ದೆ. ಅವಳನ್ನು ಎತ್ತಿನ ಗಾಡಿಯಲ್ಲಿ ತಂದರು. ಬಸುರಿ, ಮುಖ ಕೈಕಾಲು ಎಲ್ಲ ಊದಿಕೊಂಡು ಬಳೆ ಚರ್ಮದೊಳಗೆ ಹೂತುಹೋಗಿತ್ತು. ನೀನು ಕಾಲ ಮೇಲೆ ಬೆರಳಿಟ್ಟು ತೆಗೆದೆ, ಆ ಗುಳಿ ಹಾಗೇ ನಿಂತಿತ್ತು. ನಾನು ದೂರದಿಂದಲೇ ಎಣಿಸಿದೆ, ಇಪ್ಪತ್ತರ ತನಕ. ಸಾಯಂಕಾಲ ಅವಳಿಗೆ ಫಿಟ್ಸ್ ಬಂತು. ಆಮೇಲೆ ಅವಳೂ ಇರಲಿಲ್ಲ, ಮಗುವೂ ಇರಲಿಲ್ಲ. ಮನೆಗೆ ಬಂದು ನೀನು ಒಲೆ ಮುಂದೆ ಕೂತು ಅತ್ತುಬಿಟ್ಟೆ. ಬಾವು ಬಂದ ದಿನವೇ ಬಂದು ಹೇಳಿದ್ದರೆ ಉಳಿಯುತ್ತಿದ್ದಳು, ಒಂದು ತಿಂಗಳಿಂದ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳಂತೆ, ಅತ್ತೆ ಬೈದಾರು ಎಂದು ಯಾರಿಗೂ ಹೇಳಲಿಲ್ಲವಂತೆ ಎಂದು ನೀನು ಅಪ್ಪನಿಗೆ ಹೇಳುತ್ತಿದ್ದೆ. ಅಪ್ಪ ನಿನಗೆ ಕಾಫಿ ಬೆರೆಸಿಕೊಟ್ಟರು. ನನ್ನನ್ನು ಹತ್ತಿರ ಎಳೆದುಕೊಂಡು, ನೀನು ಹಾಗೆ ಮಾಡಬೇಡ ಮಗಳೇ ಅಂದೆ. ನನಗೆ ಆಗ ಅರ್ಥವಾಗಿರಲಿಲ್ಲ, ಹ್ಞೂಂ ಅಂದಿದ್ದೆ.

ಡಾಕ್ಟರಮ್ಮನಿಗೆ ಫೋನ್ ಮಾಡಬೇಕು, ಗೊತ್ತು. ಮಾಡಿದರೆ ಮೊದಲ ಪ್ರಶ್ನೆಯೇ, ಶನಿವಾರ ಯಾಕೆ ಹೇಳಲಿಲ್ಲ ಎಂದು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಿನ್ನೆಯಿಂದ ನಾಲ್ಕು ಸಲ ನಂಬರ್ ಒತ್ತಿ ಕಟ್ ಮಾಡಿದ್ದೇನೆ. ಓದಿದ ಹೆಂಗಸು, ನರ್ಸಮ್ಮನ ಮಗಳು, ಮೈಕ್ರೋಸ್ಕೋಪಿನಲ್ಲಿ ಮೊಟ್ಟೆ ಅಳೆಯುವವಳು. ಚಿಕ್ಕತಾಯಮ್ಮನಿಗಾದರೆ ಅತ್ತೆಯ ಭಯ ಇತ್ತು. ನನಗೆ ಯಾರ ಭಯ ಹೇಳು.

ಬೆಳಿಗ್ಗೆ ಗುಣವತಿ ಹೇಳದೆ ಕೇಳದೆ ಇಲ್ಲಿಗೆ ಬಂದಳು. ಎರಡು ಬಸ್ಸು ಬದಲಿಸಿ, ಎಳನೀರು ಹಿಡಿದುಕೊಂಡು. ಅವಳಿಗೆ ಎಲ್ಲ ಹೇಳಿದೆ. ಅವಳು ತನ್ನ ತಮಿಳಿನಲ್ಲಿ ಹೇಳಿದ್ದು ಇಷ್ಟೇ, ಹದಿನೇಳಕ್ಕೆ ಬಾಯಿರಲಿಲ್ಲ, ಸತ್ತಿತು, ನಿನಗೆ ದೇವರು ಬಾಯಿ ಕೊಟ್ಟಿದ್ದಾನಲ್ಲ ಅಕ್ಕಾ, ಅದಕ್ಕೇನು ಬಂತು ಎಂದು. ಪುಸ್ತಕದಲ್ಲಿ ನಾನು ೦.೪೫ ಬರೆದದ್ದೂ ಅವಳಿಗೆ ಮೊದಲಿಂದ ಗೊತ್ತಿತ್ತಂತೆ. ಈಗ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದಾಳೆ, ಮಧ್ಯೆ ಮಧ್ಯೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾಳೆ. ಅವಳು ಬಂದಾಗೆಲ್ಲ ನಾನು ಚೆನ್ನಾಗಿ ಉಸಿರಾಡುತ್ತಿರುವವಳ ಹಾಗೆ ಬರೆಯುತ್ತೇನೆ.

ನಿನಗೆ ತಿಳಿಸಬೇಕಿತ್ತು, ತಿಳಿಸಿದೆ. ನಿನ್ನಿಂದ ಮುಚ್ಚಿಟ್ಟದ್ದಕ್ಕೆ ಕ್ಷಮಿಸು. ಗಂಡು ನೋಡುವುದನ್ನು ಸ್ವಲ್ಪ ದಿನ ನಿಲ್ಲಿಸು. ಇಲ್ಲಿ ಆಸ್ಪತ್ರೆ ಹತ್ತಿರವಿದೆ, ಗುಣವತಿ ಇದ್ದಾಳೆ, ನಾನು ಆರಾಮಾಗಿದ್ದೇನೆ. ವರುಣನಿಗೂ ಹೇಳಬೇಡ, ಅವನು ಕಾರು ತೆಗೆದುಕೊಂಡು ಹೊರಟುಬಿಡುತ್ತಾನೆ. ನೀನೂ ಬರಬೇಡ. ಮುಂದಿನ ವಾರ ಹೊಟ್ಟೆ ಇಳಿದ ಮೇಲೆ ನಾನೇ ಒಂದೆರಡು ದಿನ ಬಂದು ಹೋಗುತ್ತೇನೆ, ಆಗ ಎದುರಿಗೇ ಕೂತು ಬೈಯುವೆಯಂತೆ. ಮತ್ತೆ ಹೇಳುತ್ತೇನೆ, ಬರಬೇಡ.

ಬೈಸಿಕೊಳ್ಳಲು ಕಾದಿರುವ ನಿನ್ನ ಮಗಳು,
ನಂದಿತಾ

ಮರೆತ ಮಾತು, ನಾಲ್ಕೂ ನಲವತ್ತಕ್ಕೆ ಬರೆಯುತ್ತಿರುವುದು. ಮರೆತಿರಲಿಲ್ಲ ಅಮ್ಮ, ಬರೆಯಲು ಧೈರ್ಯ ಇರಲಿಲ್ಲ. ಮೇಲೆ ಬರೆದ ತೂಕ ಸುಳ್ಳು, ಗುಳಿಯೂ ಸುಳ್ಳು. ನೀನು ವಾರ್ಡಿನ ಹಾಳೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಬರೆಯುತ್ತಿದ್ದ ಹಾಗೆ ನಿಜ ಬರೆಯುತ್ತೇನೆ, ನೀನು ಓದಿಕೊಳ್ಳುತ್ತೀಯ. ತೂಕ ಸೋಮವಾರ ೫೭.೫, ಇವತ್ತು ಬೆಳಿಗ್ಗೆ ೬೨. ಹೊಟ್ಟೆಯ ಸುತ್ತಳತೆ ಬುಧವಾರ ೮೪ ಸೆಂಟಿಮೀಟರ್, ಈಗ ೯೫. ಮೂತ್ರ ಬೆಳಿಗ್ಗೆ ಐದಕ್ಕೆ ಒಂದೇ ಸಲ, ಕಾಫಿ ಲೋಟದ ಅರ್ಧ, ಗಾಢ ಬಣ್ಣ, ಆಮೇಲೆ ಇಲ್ಲ. ಕಾಲಿನ ಗುಳಿ ಹನ್ನೊಂದು ಎಣಿಸುವ ತನಕ ನಿಂತಿತ್ತು. ಮೂರು ದಿಂಬು ರಾಣಿಯ ಹಾಗಿರಲು ಅಲ್ಲ, ಮಲಗಿದರೆ ಉಸಿರು ಸಿಗುವುದಿಲ್ಲ. ಗುಣವತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಕ್ಲಿನಿಕ್ಕಿಗೆ ತಾನೇ ಮಾಡಿದಳು. ಡಾಕ್ಟರಮ್ಮ ಬೈಯಲಿಲ್ಲ, ತಕ್ಷಣ ಆಸ್ಪತ್ರೆಗೆ ಬನ್ನಿ, ಸೂಜಿ ಹಾಕಿ ನೀರು ತೆಗೆಯಬೇಕಾಗಬಹುದು ಎಂದರು. ಆಟೋ ಕೆಳಗೆ ನಿಂತಿದೆ. ಸದಾನಂದನೂ ಬಂದಿದ್ದಾನೆ. ವರುಣನಿಗೆ ಗುಣವತಿ ಫೋನ್ ಮಾಡುತ್ತಾಳೆ, ಆದರೆ ಹೊಟ್ಟೆನೋವು ಎಂದಷ್ಟೇ ಹೇಳಲು ಹೇಳಿದ್ದೇನೆ. ನಿಜ ನಿನಗೆ ನನ್ನ ಕೈಯಿಂದಲೇ ಗೊತ್ತಾಗಬೇಕು, ಅದನ್ನು ಓದಿದ ಮೇಲೆ ನೀನು ಹೊರಡಬೇಕು. ಆಸ್ಪತ್ರೆಯ ಫಾರಮ್ಮಿನಲ್ಲಿ ಹತ್ತಿರದ ಸಂಬಂಧಿ ಯಾರು ಎಂದು ಕೇಳುತ್ತಾರಂತೆ, ನಿನ್ನ ಹೆಸರು ಹೇಳುತ್ತೇನೆ. ಬರಬೇಡ ಎಂದು ಮೂರು ಸಲ ಬರೆದಿದ್ದೇನೆ, ಕೆಂಪು ಪೆನ್ಸಿಲ್ ತೆಗೆದುಕೊಂಡು ಮೂರನ್ನೂ ಹೊಡೆದುಹಾಕು. ಸದಾನಂದನ ಗಾಡಿ ಖಾಲಿಯಾಗಿ ವಾಪಸ್ಸು ಬರುತ್ತದೆ, ಮುಂದಿನ ಸೀಟು ನಿನ್ನದು ಎಂದು ಹೇಳಿದ್ದೇನೆ. ವಾಸನೆಗೆ ಸೆರಗು ಅಡ್ಡ ಹಿಡಿದುಕೋ. ನನಗೆ ತುಂಬ ಭಯವಾಗುತ್ತಿದೆ. ಬೇಗ ಬಾ ಅಮ್ಮ.